ತಾಮ್ರದ ಬಟ್ಟಲಿಗೆ ಎಷ್ಟು ಕೋಟ್ ಹೊಡೆದರೆ ಸಾಕು

೧

ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಹೆದರಿ ಕೂತಿದ್ದೇನೆ. ಬರಹಗಾರ್ತಿಯರ ನಾಜೂಕಿನ ಹೆದರಿಕೆ ಅಲ್ಲ ಇದು, ನಿಜವಾದ ಹೆದರಿಕೆ. ಆಯುಧಪೂಜೆಯ ಬೆಳಿಗ್ಗೆಯಿಂದ ಶುರು ಮಾಡಿದರೆ ಮೊದಲ ಪುಟದಲ್ಲೇ ಗುಟ್ಟು ಬಯಲಾಗುತ್ತದೆ. ಪೇಂಟ್ ಅಂಗಡಿಯಿಂದ ಶುರು ಮಾಡಿದರೆ ಇದೇನು ಜಾಹೀರಾತೇ ಎಂದು ನೀವು ಎದ್ದು ಹೋಗುತ್ತೀರಿ. ದಯವಿಟ್ಟು ಹೋಗಬೇಡಿ. ಇದನ್ನು ಒಬ್ಬಳೇ ಬರೆಯಲು ನನಗೆ ಧೈರ್ಯ ಸಾಲದು.

ಸರಿ, ಅಂಗಡಿಯಿಂದಲೇ ಹೊರಡೋಣ.

೨

ಶ್ರೀಶೈಲ ಜಾದೂಗಾರ. ಗದಗದ ಕಡೆಯವನು, ಹೆಂಡತಿ ಕಲಾವತಿಯ ಜೊತೆ ರಾಜಧಾನಿಯ ಅಂಚಿನ ಉಲ್ಲಾಳದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಬರ್ತ್‌ಡೇ ಪಾರ್ಟಿ, ಸ್ಕೂಲ್ ಡೇ, ಅಪಾರ್ಟ್‌ಮೆಂಟಿನ ಗಣೇಶೋತ್ಸವ, ಎಲ್ಲಿ ಕರೆದರೂ ಹೋಗುತ್ತಾನೆ. ಅವನಿಗೆ ಹೆಸರು ತಂದದ್ದು ಮೂರು ತಾಮ್ರದ ಬಟ್ಟಲುಗಳ ಆಟ. ಬೋರಲು ಹಾಕಿದ ಬಟ್ಟಲಿನಡಿ ಇಟ್ಟ ಉಣ್ಣೆಯ ಉಂಡೆ ಮಾಯವಾಗಿ ಇನ್ನೊಂದರಡಿ ಸಿಗುತ್ತದೆ, ಕೊನೆಗೆ ಮೂರನ್ನೂ ಎತ್ತಿದರೆ ಒಂದೊಂದರಡಿಯೂ ಒಂದೊಂದು ನಿಂಬೆಹಣ್ಣು. ಮಕ್ಕಳಿಗಿಂತ ಅಪ್ಪಂದಿರೇ ಹೆಚ್ಚು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ತಾಮ್ರಕ್ಕೆ ಬೆವರು ಆಗದು. ನಾಲ್ಕು ದಿನ ಮುಟ್ಟಿದರೆ ಕಪ್ಪಾಗುತ್ತದೆ. ಅದಕ್ಕೇ ಶ್ರೀಶೈಲ ಬಟ್ಟಲುಗಳಿಗೆ ಬಣ್ಣವಿಲ್ಲದ ಲ್ಯಾಕರ್ ಹೊಡೆಸುತ್ತಾನೆ, ಹೊಳಪು ಹಾಗೇ ನಿಲ್ಲಲಿ ಎಂದು. ಒಂದು ಸಲ ಹೊಡೆಸಿದರೆ ಎರಡು ಮೂರು ವರ್ಷ ಅದರ ಚಿಂತೆ ಇರುತ್ತಿರಲಿಲ್ಲ. ಈ ವರ್ಷ ಯುಗಾದಿಗೆ ಹೊಡೆಸಿದ್ದು ಮಳೆಗಾಲ ಹಿಡಿಯುವಷ್ಟರಲ್ಲಿ ಅಂಚಿನಲ್ಲಿ ಎದ್ದುಹೋಯಿತು.

“ಈಗಿನ ಮಾಲೇ ಹಂಗ್ರೀ, ಬರೀ ಕಲಬೆರಕಿ” ಎಂದ ಶ್ರೀಶೈಲ. ಆರ್‌ಪಿಸಿ ಲೇಔಟಿನ ಹಾರ್ಡ್‌ವೇರ್ ಅಂಗಡಿಯಿಂದ ಇನ್ನೂ ದಪ್ಪನೆಯದು ತಂದು ತಾನೇ ಹೊಡೆದ. ಅದೂ ಹೋಯಿತು. ಆಮೇಲೆ ಚಂದ್ರಾ ಲೇಔಟಿನಲ್ಲಿ ಕಾರುಗಳಿಗೆ ಪೇಂಟ್ ಮಾಡುವ ಮಹದೇವನ ಶೆಡ್ಡಿಗೆ ಬಟ್ಟಲು ಹಿಡಿದುಕೊಂಡು ಹೋದ.

“ಅಣ್ಣ, ಇದು ಬಂಪರ್‌ಗೆ ಹೊಡಿಯೋ ಕ್ಲಿಯರ್ ಲ್ಯಾಕರ್. ಗಟ್ಟಿ ಆಗಕ್ಕೆ ಹಾರ್ಡ್ನರ್ ಹಾಕಿ ಹೊಡೀತೀನಿ. ಬಿಸ್ಲು, ಮಳೆ, ಕಲ್ಲು, ಏನ್ ಬಿದ್ರೂ ತಡ್ಕೊಳುತ್ತೆ. ನಿಮ್ ಬಟ್ಲು ಸವೆದ್ರೂ ಇದು ಸವೆಯಲ್ಲ” ಎಂದ ಮಹದೇವ್.

ಕೇಳಿ ಶ್ರೀಶೈಲನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇದೂ ಎದ್ದುಹೋದರೆ ಇನ್ನು ದೂರಲು ಯಾರೂ ಉಳಿಯುವುದಿಲ್ಲ ಎನ್ನುವುದು ಅವನಿಗೆ ಆ ಶೆಡ್ಡಿನಲ್ಲೇ ಹೊಳೆಯಿತು.

(ಇದನ್ನು ಇಷ್ಟು ಬೇಗ ಹೇಳಬಾರದಿತ್ತು. ಜಾಣ ಬರಹಗಾರರು ಬಚ್ಚಿಟ್ಟುಕೊಳ್ಳುತ್ತಾರೆ. ನನ್ನ ಬಾಯಲ್ಲಿ ಏನೂ ನಿಲ್ಲುವುದಿಲ್ಲ.)

೩, ಹರಿದು ಹಾಕಿದ್ದು

ಇಲ್ಲೊಂದು ಡ್ರಾಫ್ಟ್ ಇತ್ತು. ಅದರಲ್ಲಿ ಮಹದೇವ್ ಹಳೇ ಡಬ್ಬದ ಮಾಲು ಹೊಡೆದು ಮೋಸ ಮಾಡುತ್ತಾನೆ, ಶ್ರೀಶೈಲ ಹೋಗಿ ಜಗಳ ಆಡುತ್ತಾನೆ, ಕಥೆ ಶುಭವಾಗಿ ಮುಗಿಯುತ್ತದೆ.

“ಅದನ್ನ ಇಡ್ರಿ ಅಕ್ಕಾರ, ಅದ ಚಲೋ ಐತಿ” ಎಂದ ಶ್ರೀಶೈಲ, ಕಥೆಯೊಳಗಿಂದಲೇ. ನನಗೂ ಅದರ ಮೇಲೇ ಆಸೆ.

ಮಹದೇವ್ ಮಾತ್ರ ಒಪ್ಪಲಿಲ್ಲ. “ಮೇಡಂ, ನಿಮ್ಗೆ ಬರಿಯಕ್ಕೆ ಭಯ ಆದ್ರೆ ನನ್ ಕೆಲ್ಸದ್ ಮೇಲೆ ಹಾಕ್ತೀರಾ? ಇಪ್ಪತ್ತ್ ವರ್ಷದಿಂದ ಹೊಡೀತಾ ಇದೀನಿ. ನನ್ ಕ್ಲಿಯರ್ ಸರಿಯಾಗೇ ಇದೆ, ಬೇಕಾದ್ರೆ ಬಂದ್ ನೋಡಿ.”

ಅವನು ಹೇಳಿದ್ದು ನಿಜ. ಡ್ರಾಫ್ಟ್ ಹರಿದೆ. ಈಗ ಆಯುಧಪೂಜೆ ಬರದೆ ವಿಧಿಯಿಲ್ಲ.

೪

ಬೆಳಿಗ್ಗೆ ಶ್ರೀಶೈಲ ಬೂದುಗುಂಬಳ ತರಲು ಹೋಗಿದ್ದ. ಕಲಾವತಿ ಹಿತ್ತಲಲ್ಲಿ ಕೂತು ದೇವರ ಸಾಮಾನನ್ನೆಲ್ಲ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುತ್ತಿದ್ದಳು. ಗಂಡನ ಬಟ್ಟಲುಗಳನ್ನು ಅವಳು ಎಂದೂ ಮುಟ್ಟಿದವಳಲ್ಲ, ಅವನೇ ಮೆತ್ತನೆ ಬಟ್ಟೆಯಲ್ಲಿ ಒರೆಸಿಡುವುದು ರೂಢಿ. ಆದರೆ ಇವತ್ತು ಆಯುಧಕ್ಕೆ ಪೂಜೆ, ಈ ಮನೆಯ ಆಯುಧ ಇದೇ, ಇದು ಮಂಕಾಗಿ ಕೂತರೆ ಚೆಂದವೇ ಎಂದುಕೊಂಡು ಮೂರಕ್ಕೂ ಹುಣಸೆಹಣ್ಣು ಬಳಿದಳು.

ನಮ್ಮಲ್ಲಿ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು. ತಾಮ್ರ ಕಂಡರೆ ಹುಣಸೆಹಣ್ಣು.

ಮಹದೇವ್ ಹೊಡೆದ ಲ್ಯಾಕರ್ ಇದ್ದ ಕಡೆ ಹುಣಸೆಹಣ್ಣಿನ ಆಟ ನಡೆಯಲಿಲ್ಲ. ಲ್ಯಾಕರ್ ಹೋಗಿ ತಾಮ್ರ ಬರಿಮೈಯಾಗಿದ್ದ ಕಡೆ ಮಾತ್ರ ಫಳಫಳ ಗುಲಾಬಿ ಬಣ್ಣ ಎದ್ದಿತು. ಎಲ್ಲೆಲ್ಲಿ ಕೋಟ್ ಸವೆದಿದೆ ಎಂದು ಯಾರೋ ಬೆರಳಿಟ್ಟು ತೋರಿಸಿದ ಹಾಗೆ.

ಪ್ರತಿ ಬಟ್ಟಲಿಗೂ ಒಂದೇ ಜಾಗದಲ್ಲಿ ರೂಪಾಯಿಯಗಲ ಒಂದು ಮಚ್ಚೆ. ನಿಂಬೆಹಣ್ಣು ಒಳಗೆ ಸೇರುವಾಗ ಒಂದು ಬೆರಳು ಅಲ್ಲೇ ಕೂರುತ್ತದೆ. (ಯಾವ ಬೆರಳು ಎಂದು ಬರೆದರೆ ಶ್ರೀಶೈಲ ನನ್ನನ್ನು ಸುಮ್ಮನೆ ಬಿಡುವುದಿಲ್ಲ.) ಮದುವೆಯಾದಾಗಿನಿಂದ ಕೇಳಿದರೂ ಹೇಳದ ಗುಟ್ಟು ಹಿತ್ತಲಲ್ಲಿ ಪುಕ್ಕಟೆ ಸಿಕ್ಕಿತಲ್ಲ ಎಂದು ಕಲಾವತಿಗೆ ನಗು ಬಂತು.

ಬಟ್ಟಲು ತಿರುಗಿಸಿದಳು. ಬಾಯಂಚಿನ ಸುತ್ತ ಅಕ್ಕಿಕಾಳಿನಷ್ಟು ಚಿಕ್ಕ ಚಿಕ್ಕ ಗುರುತುಗಳು, ಒತ್ತೊತ್ತಾಗಿ, ಹೇಗೆಂದರೆ ಹಾಗೆ. ಬಟ್ಟಲುಗಳನ್ನು ಒಂದರೊಳಗೊಂದು ಇಳಿಸುವಾಗ ಅಂಚಿಗೆ ಅಂಚು ಬಡಿದು ಬಡಿದು ಆದದ್ದು. ಅವನ ಕೈಯಲ್ಲಿ ಬಟ್ಟಲಿಗೆ ಬಟ್ಟಲು ತಾಗಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಇತ್ತೀಚೆಗೆ ಚಹಾಕ್ಕೆ ಕಪ್ಪು-ಸಾಸರು ಬೇಡ, ಸ್ಟೀಲ್ ಲೋಟದಲ್ಲೇ ಕೊಡು, ಅರ್ಧವೇ ಹಾಕು ಎನ್ನುತ್ತಿದ್ದ. ಗುಂಡಿಯ ಅಂಗಿ ಬಿಟ್ಟು ಟೀ ಶರ್ಟ್ ಹಾಕತೊಡಗಿದ್ದ. ಬಸ್ಸಿನಲ್ಲಿ ಬಲಗೈ ಜೇಬಿನಲ್ಲೇ ಇರುತ್ತಿತ್ತು. ಎಲ್ಲ ಒಟ್ಟಿಗೆ ನೆನಪಾಯಿತು.

ಅವನು ಬರುವುದರೊಳಗೆ ಏನಾದರೂ ಮಾಡಬೇಕಿತ್ತು. ಬಟ್ಟಲುಗಳನ್ನು ಒರೆಸಿ ದೇವರ ಮುಂದಿಟ್ಟು ಅರಿಶಿನ, ಕುಂಕುಮ ಕಲಸಿ ಅಂಚಿನ ಸುತ್ತಲೂ ಹಚ್ಚಿದಳು. ಒಂದು ಗುರುತೂ ಕಾಣದಂತೆ ದಪ್ಪಗೆ ಹಚ್ಚಿದಳು.

ಶ್ರೀಶೈಲ ಬಂದ. ಒಂದು ಬೊಟ್ಟು ಸಾಕಾಗುವ ಕಡೆ ಅಂಚು ಪೂರ್ತಿ ಕುಂಕುಮ. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ಇಬ್ಬರೂ ಸೇರಿ ಆರತಿ ಎತ್ತಿದರು. ತಟ್ಟೆಯನ್ನು ಅವಳೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

೫

ಇಲ್ಲಿ ನಿಲ್ಲಿಸಿದರೆ ಒಳ್ಳೆಯ ಕಥೆ ಎನ್ನಿಸಿಕೊಳ್ಳುತ್ತದೆ, ಕಥಾಸ್ಪರ್ಧೆಯ ಕಮಿಟಿಯವರು ಬಹುಮಾನವನ್ನೂ ಕೊಟ್ಟಾರು. ಆದರೆ ಅವರಿಬ್ಬರೂ ನನ್ನ ಮುಂದೆ ಬಂದು ಕೂತಿದ್ದಾರೆ.

ಮುಕ್ತಾಯಗಳನ್ನು ಅವರ ಮುಂದೆ ಹರಡಿದೆ. ಒಂದರಲ್ಲಿ ಥೈರಾಯ್ಡ್: ಮಾತ್ರೆ ನುಂಗಿದರೆ ನಡುಕ ಇಳಿಯುತ್ತದೆ. ಇನ್ನೊಂದರಲ್ಲಿ ಮಾತ್ರೆಯಿಂದ ಪೂರ್ತಿ ವಾಸಿಯಾಗದ ಆ ಕಾಯಿಲೆ, ವರ್ಷದಿಂದ ವರ್ಷಕ್ಕೆ ಏರುವಂಥದ್ದು.

“ಅದರ ಹೆಸರ ಬರೀಬ್ಯಾಡ್ರಿ ಅಕ್ಕಾರ” ಎಂದಳು ಕಲಾವತಿ.

ಬರೆಯಲಿಲ್ಲ.

ಶ್ರೀಶೈಲ ಮೂರನೆಯದೊಂದನ್ನು ತಾನೇ ಕಟ್ಟಿಕೊಂಡು ಬಂದಿದ್ದ. “ಎರಡು ಕೋಟ್ ಸಾಲದಂಗಾಗೇತ್ರಿ. ನಾಕು ಕೋಟ್ ಹೊಡಸ್ತೀನಿ. ಅಂಚಿಗೆ ಬ್ಯಾರೆ ಕ್ಲಿಯರ್ ಬರ್ತೈತಂತ, ವಿಮಾನಕ್ಕ ಹೊಡೆಯೋದು...”

“ಸಾಕ್ ಮಾಡ್ರಿ.” ಕಲಾವತಿ ದನಿ ಏರಿಸಲಿಲ್ಲ. “ಕೋಟಿಂದೇನೂ ತಪ್ಪಿಲ್ಲ. ನಿಮ್ಮ ಕೈ ನಡುಗಾಕತ್ತೈತಿ.”

ಅವನು ತಲೆ ತಗ್ಗಿಸಿದ.

“ನನಗ ಅಂಜಿಕಿ ಬಂದೈತ್ರಿ” ಎಂದಳು. “ನಿಮಗೂ ಬಂದೈತಿ. ಇಬ್ಬರೂ ಒಬ್ಬೊಬ್ಬರ ಯಾಕ್ ಅಂಜಬೇಕು? ಕೂಡೇ ದವಾಖಾನಿಗೆ ಹೋಗೋಣು.”

“ಕೈ ಹೋತಂದ್ರ ನಾ ಯಾರ ಆಗ್ತೀನಿ ಕಲಾ?”

ಕಲಾವತಿ ನನ್ನ ಕಡೆ ನೋಡಿದಳು. ಬರೆಯುವವಳು ನಾನಲ್ಲವೇ, ನನಗಾದರೂ ಗೊತ್ತಿರಬೇಕಿತ್ತು. ಅಯ್ಯೋ, ನನಗೂ ಗೊತ್ತಿಲ್ಲ.

೬

ವಿಜಯನಗರದಲ್ಲಿ ನರರೋಗ ತಜ್ಞೆಯೊಬ್ಬರ ಕ್ಲಿನಿಕ್. ಡಾಕ್ಟರು ಕೈ ಮುಂದೆ ಚಾಚಿಸಿದರು, ಮೂಗು ಮುಟ್ಟಿಸಿದರು, ಹೆಬ್ಬೆರಳಿಗೆ ಬೆರಳು ಬಡಿಸಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಾಗ ಶ್ರೀಶೈಲ ಜಾದೂ ಎನ್ನದೆ “ಪ್ರೋಗ್ರಾಂ ಕೊಡ್ತೀನ್ರಿ” ಎಂದ.

ಡಾಕ್ಟರು ಬಿಳಿ ಹಾಳೆ, ಪೆನ್ನು ಮುಂದಿಟ್ಟರು. “ಇಲ್ಲೊಂದು ಚಕ್ಲಿ ಬರೀರಿ ಸಾರ್. ಒಳಗಿಂದ ಶುರು ಮಾಡಿ ಸುತ್ತುತ್ತಾ ಹೊರಗ್ ಬನ್ನಿ. ಕೈ ಟೇಬಲ್‌ಗೆ ಊರ್ಬೇಡಿ. ಅರ್ಜೆಂಟ್ ಇಲ್ಲ, ನಿಧಾನಕ್ಕೆ ಮಾಡಿ.”

ನೋಡಿದಿರಾ ನನ್ನ ಗ್ರಹಚಾರ. ಅವನು ಗೆರೆ ಎಳೆಯಬೇಕಾದರೆ ನಾನು ಬರೆಯಬೇಕು. ಅಲ್ಲಾಡದ ಚಕ್ಕುಲಿಯೊಂದನ್ನು ಎರಡೇ ವಾಕ್ಯದಲ್ಲಿ ಬರೆದುಕೊಡಬಲ್ಲೆ, ಯಾರು ಕೇಳುತ್ತಾರೆ? ಶ್ರೀಶೈಲನೂ ಅದನ್ನೇ ಬೇಡುವವನ ಹಾಗೆ ನನ್ನ ಕಡೆ ನೋಡಿದ. ಇಷ್ಟು ವರ್ಷ ಜನರ ಕಣ್ಣು ಕಟ್ಟಿದವನು, ಇವತ್ತೊಂದು ಸಲ ನೀವು ಕಟ್ಟಿರಿ ಎಂಬಂತೆ.

“ಬ್ಯಾಡ್ರಿ ಅಕ್ಕಾರ” ಎಂದಳು ಕಲಾವತಿ. “ಅವರ ಕೈ ಹೆಂಗೈತೋ ಹಂಗ ಬರ್ಲಿ.”

ಅವನು ಪೆನ್ನು ಹಿಡಿದ. ಹಾಳೆಯ ನಡುವೆ ಚುಕ್ಕೆ ಇಟ್ಟ. ಕಲಾವತಿ ಅವನ ಎಡಗೈ ಹಿಡಿದುಕೊಂಡಳು. ಗೆರೆ ಹೊರಟಿತು, ಬಾಗಿತು, ಒಂದು ಸುತ್ತು ತುಂಬಿತು. ಮೊದಲನೇ ಸುತ್ತು ಗುಂಡಗೆ, ಚೊಕ್ಕಟವಾಗಿ ಬಂದಿದೆ. ಸುಳ್ಳಲ್ಲ, ನಾನು ಕೈ ಹಾಕಿಲ್ಲ.

ಎರಡನೇ ಸುತ್ತಿಗೆ ತಿರುಗುವ ಕಡೆ, ಗೆರೆ ನಡುಗೀತೆಂದು ಹೆದರಿ, ಪೆನ್ನನ್ನು ತಡೆದು ಹಿಡಿದಿದ್ದೇನೆ. ಡಾಕ್ಟರು ಕಾಯುತ್ತಿದ್ದಾರೆ.

“ಬಿಡ್ರಿ ಅಕ್ಕಾರ, ಅವರು ಮುಂದ ಹೋಗ್ಲಿ” ಎನ್ನುತ್ತಿದ್ದಾಳೆ ಕಲಾವತಿ.

ನಾನು ಬಿಡುತ್ತಿಲ್ಲ.