ದಿಲಾಳ ಪೆಟ್ಟಿಗೆ

ಇಳಿಜಾರಿನ ಅಂಚಿನಲ್ಲಿ ಮರಾಶ್ ಕಾಲೂರಿದೊಡನೆ ಹಿಮ ಒಳಗೊಳಗೇ ಗುಮ್ಮೆಂದಿತು. ಕೋಲು ಚುಚ್ಚಿ ನೋಡಿದ. ಮೇಲೆ ನಿನ್ನೆಯ ಗಾಳಿ ತಂದು ಪೇರಿಸಿದ ಗಟ್ಟಿ ಪದರ. ಕೆಳಗೆ ಸಕ್ಕರೆಯಂತೆ ಉದುರುವ ಹಳೆಯ ಹಿಮ. ಒಂದಕ್ಕೊಂದು ಅಂಟಿರಲಿಲ್ಲ.

ಹಿಂದೆ, ತಮ್ಮ ಪಾಶ್ಕ್ ಮತ್ತು ದೊಡ್ಡಪ್ಪನ ಮೂವರು ಮಕ್ಕಳು ದಿಲಾಳ ಶವಪೆಟ್ಟಿಗೆಯನ್ನು ಬಂಡೆಯ ಮೇಲಿಳಿಸಿ ನಿಂತಿದ್ದರು. ಮರಾಶ್, ಪಾಶ್ಕರ ತಾಯಿ ಅವಳು, ಮಗಳ ಮನೆಯಲ್ಲಿ ಸತ್ತಿದ್ದಳು. ಕೊರಕಲಿನಾಚೆ, ಇಗರ್ಜಿಯ ಹಿತ್ತಲಲ್ಲಿ, ಗಂಡನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಬೇಕು.

“ಹೊತ್ಕೊಂಡು ದಾಟೋದು ಬೇಡ,” ಎಂದ ಮರಾಶ್. “ನಾಲ್ಕಾಳಿನ ಭಾರ ಒಂದೇ ಕಡೆ ಬಿದ್ರೆ ಇದು ತಡ್ಕೊಳ್ಳಲ್ಲ. ಹಗ್ಗ ತಗೊಂಡು ಮೊದ್ಲು ನಾನು ಹೋಗ್ತೀನಿ, ಪೆಟ್ಟಿಗೆ ಎಳ್ಕೋತೀನಿ. ಆಮೇಲೆ ನೀವು ಒಬ್ಬೊಬ್ರೇ ಬನ್ನಿ.”

“ಸೌದೆ ಎಳ್ದಂಗೆ ಎಳೀತೀಯಾ ಅವ್ವನ್ನ?” ಪಾಶ್ಕನ ಮುಖ ಕೆಂಪಾಯಿತು. “ನಮ್ಮಲ್ಲಿ ಯಾರ ಹೆಣ ಎಳ್ದಿದಾರೆ ಹೇಳಣ್ಣ? ಹೆಗಲಿಲ್ದೋರಾ ನಾವು?”

“ಚಿಕ್ಕಮ್ಮ ಎದ್ದು ಬಂದು ಅದೇ ಹಗ್ಗದಲ್ಲಿ ನಿಂಗೆ ಬಾರಿಸ್ತಾಳೆ ನೋಡು,” ಎಂದ ದೊಡ್ಡಪ್ಪನ ಮಗ ಲುಲಾಶ್, ರಕಿ ಸಾರಾಯಿಯ ಬುಂಡೆಗೆ ಬಿರಡೆ ಹಾಕುತ್ತ. ಯಾರೂ ಜೋರಾಗಿ ನಗಲಿಲ್ಲ. ಅಲ್ಲಿ ದನಿಯೆತ್ತಿದರೆ ಬೆಟ್ಟ ಎಚ್ಚರಗೊಳ್ಳುತ್ತದೆಂಬುದು ಹಿರಿಯರ ಮಾತು.

“ಬಾರಿಸ್ಲಿ ಬಿಡು,” ಎಂದ ಮರಾಶ್. “ನೀವು ಜೀವ ಹಿಡ್ಕೊಂಡು ಬನ್ನಿ, ಸಾಕು.”

ಪೆಟ್ಟಿಗೆಗೆ ಉದ್ದನೆಯ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಅವನು ಹೊರಟ. ಹಿಮ ಅವನ ಭಾರ ತಡೆದುಕೊಂಡಿತು. ಆಚೆಯ ಮರಗಳ ನಡುವೆ ನಿಂತು ಜಗ್ಗಿದ. ಹಗ್ಗ ಹಗುರಾಗಿ ಬಂತು. ಬಿಚ್ಚಿಬಿಟ್ಟಿದ್ದರು.

ಅಣ್ಣ ದಾಟಿದ್ದೇ ಅವರಿಗೆ ಧೈರ್ಯವಾಗಿತ್ತು. ಪೆಟ್ಟಿಗೆ ಹೆಗಲೇರಿತ್ತು, ನಾಲ್ವರೂ ಒಟ್ಟಿಗೆ, ಅವನ ಹೆಜ್ಜೆಗುರುತಿನಲ್ಲೇ ಬರುತ್ತಿದ್ದರು. ಮರಾಶ್ ಎರಡೂ ಕೈ ಬೀಸಿದ. ಕೂಗು ಗಂಟಲಿಗೆ ಬಂದಿತ್ತು. ಹಿರಿಯರ ಮಾತು ಅದನ್ನು ಅಲ್ಲೇ ಹಿಡಿಯಿತು. ಪಾಶ್ಕ್ ಒಂದು ಕೈ ಎತ್ತಿ, ಬಂದೆವು ಎಂಬಂತೆ ಸನ್ನೆ ಮಾಡಿದ.

ಅವರ ಮೇಲುಗಡೆ ಒಂದು ಗೆರೆ ಬಿರಿಯಿತು. ಇಡೀ ಇಳಿಜಾರು ಕಂಬಳಿಯಂತೆ ಕಳಚಿ ಜಾರಿತು.

ಹಿಮದ ಪುಡಿ ಅಡಗಿದಾಗ ಕೊರಕಲಿನ ತಳದಲ್ಲಿ ಕಂಡಿದ್ದು ಪೆಟ್ಟಿಗೆಯೊಂದೇ. ಮೊಳೆಯೊಂದೂ ಅಲುಗದೆ ರಾಶಿಯ ಮೇಲೆ ತೇಲಿ ನಿಂತಿತ್ತು. ಹೊತ್ತವರು ಅದರಡಿ ಹೂತುಹೋಗಿದ್ದರು, ಗುಂಡಿ ತೋಡಲು ಬೆನ್ನಿಗೆ ಕಟ್ಟಿಕೊಂಡಿದ್ದ ಸಲಿಕೆಗಳೂ ಅವರೊಂದಿಗೇ ಹೋಗಿದ್ದವು. ಮರಾಶ್ ಇಳಿದು ಬಂದು ಕೈಯಿಂದ ಕೆದಕಿದ. ಹಿಮ ಆಗಲೇ ಗಾರೆಯಂತೆ ಬಿಗಿದಿತ್ತು.

ಪೆಟ್ಟಿಗೆಯ ಬಳಿ ಮಂಡಿಯೂರಿದ. “ಅವ್ವಾ, ಸ್ವಲ್ಪ ತಡ್ಕೋ,” ಎಂದು ಚೂರಿಯಿಂದ ಮುಚ್ಚಳ ಮೀಟಿದ. ಆ ಹಲಗೆಯಿಂದಲೇ ಅಗೆಯತೊಡಗಿದ. ಬಯಲಾದ ಅವಳ ಮುಖದ ಮೇಲೆ ಹಿಮದ ಪುಡಿ ಕೂರುತ್ತಿತ್ತು.

ಬಿಸಿಲು ಬೆಟ್ಟದ ಹಿಂದೆ ಸರಿಯುವಾಗ ಪಾಶ್ಕನ ಕೈ ಸಿಕ್ಕಿತು. ಮರಾಶ್ ಅದನ್ನು ಹಿಡಿದು ಅದುಮಿದ. ಅದು ತಿರುಗಿ ಅದುಮಲಿಲ್ಲ.

ಇನ್ನೂ ಮೂವರಿದ್ದರು. ಹಲಗೆ ಎತ್ತಿಕೊಂಡ.