ಆರದ ಇದ್ದಿಲು

ಔರಾದದಿಂದ ಬೀದರಕ್ಕೆ ಹೊರಟ ಬಸ್ಸು ಸಂತಪುರ ದಾಟಿತ್ತು. ಅತಿಯಾಳ ಪಕ್ಕದಲ್ಲಿ ಕೂತಿದ್ದ ರುಕ್ಮಿಣಿಬಾಯಿ ಸೀಟಿನ ಕೆಳಗಿದ್ದ ಗೋಣಿಚೀಲದಿಂದ ಕಾಲು ಸರಿಸಿದಳು.

"ಯವ್ವಾ, ಈ ಚೀಲ ಕಾಯ್ದದಲ್ಲ. ಇದ್ರಾಗ ಏನದ?"

"ತೊಗರಿಕಟ್ಟಿಗಿ ಇದ್ದಿಲರಿ."

ಬೀದರದ ಕಾಲೇಜೊಂದರಲ್ಲಿ ಅತಿಯಾಳ ಸಂಶೋಧನೆ ಅದೇ. ಕಾಳು ಒಕ್ಕಿ ರಾಶಿಯಾದ ಮೇಲೆ ಹೊಲದಲ್ಲೇ ಸುಟ್ಟುಹಾಕುವ ತೊಗರಿಕಟ್ಟಿಗೆಯನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಇದ್ದಿಲು ಮಾಡಿ, ಅದರಿಂದ ವಿದ್ಯುತ್ ಹಿಡಿದಿಡುವ ಇಂಗಾಲದ ಪುಡಿ ತಯಾರಿಸುವುದು. ಔರಾದದ ರೈತ ಸಿದ್ದೇಶ್ವರ ತನ್ನ ಹೊಲದಲ್ಲಿ ಡ್ರಮ್ಮಿಗೆ ಜಾಗ ಕೊಟ್ಟಿದ್ದ. ಇದ್ದಿಲು ಪೂರ್ತಿ ಆರಲು ಒಂದು ರಾತ್ರಿ ಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಪುಡಿಯನ್ನು ಪರೀಕ್ಷಿಸುವ ಯಂತ್ರ ಸಿಕ್ಕಿದ್ದು ಮರುದಿನ ಬೆಳಿಗ್ಗೆಗೆ ಮಾತ್ರ. ಮೇಲೆ ಮುಟ್ಟಿ ನೋಡಿ, ತಣ್ಣಗಿದೆಯೆಂದು ತುಂಬಿಕೊಂಡು ಬಂದಿದ್ದಳು.

ಈಗ ಬಗ್ಗಿ ಚೀಲಕ್ಕೆ ಅಂಗೈ ಒತ್ತಿದಳು. ಚುರ್ ಎಂದಿತು. ಗೋಣಿ ಸುಡುವ ವಾಸನೆ. ಬಸ್ಸಿನ ತುಂಬ ಜನ, ಹಿಂದಿನ ಸೀಟಿನಡಿ ಯಾರದೋ ಹತ್ತಿಯ ಗಾದಿ. ಸುಮ್ಮನಿದ್ದರೆ ಹೇಗೋ ಬೀದರ ಮುಟ್ಟೀತು ಎಂದು ಒಂದು ಗಳಿಗೆ ಅನ್ನಿಸಿತು.

ರುಕ್ಮಿಣಿಬಾಯಿ ಕಿಟಕಿಗೆ ಕೈ ಹಾಕಿದಳು.

"ತೆಗಿಬ್ಯಾಡ್ರಿ. ಗಾಳಿ ತಾಗಿದ್ರ ಹತ್ಕೋತದ."

ಆ ಮಾತು ತನ್ನ ಬಾಯಿಂದಲೇ ಬಂದ ಮೇಲೆ ಅತಿಯಾಳಿಗೆ ಕೂತಿರಲಾಗಲಿಲ್ಲ. ಎದ್ದು ಕಂಡಕ್ಟರ್ ಹಣಮಂತನನ್ನು ಕೂಗಿದಳು. "ಗಾಡಿ ನಿಲ್ಲಸ್ರಿ. ನನ್ನ ಚೀಲದಾಗ ಬೆಂಕಿ ಅದ."

ಅವನು ಸೀಟಿ ಊದಿದ, ಬಸ್ಸು ನಿಂತಿತು. ಜನ ನೂಕಾಡುತ್ತ ಇಳಿದರು. ಹಣಮಂತ ಚೀಲ ಎಳೆಯಲು ಬಗ್ಗಿದಾಗ ಅತಿಯಾ ತಡೆದಳು. "ತಳ ಹರಿದ್ರ ಕೆಂಡ ಬೀಳ್ತಾವ್ರಿ. ಮೊದಲ ನೀರು."

ಬಾಟಲಿಗಳು ಕೈಯಿಂದ ಕೈಗೆ ಬಂದವು. ಸ್ವಲ್ಪಸ್ವಲ್ಪವೇ ಸುರಿದಳು. ಹಬೆ ಮುಖಕ್ಕೆ ಹೊಡೆಯಿತು. ಆಮೇಲೆ ಇಬ್ಬರೂ ಚೀಲದ ತಳಕ್ಕೆ ಕೈಯಿಟ್ಟು ಎತ್ತಿ, ರಸ್ತೆಯ ಪಕ್ಕದ ಬರಿ ನೆಲಕ್ಕೆ ಹಾಕಿದರು. ಗೋಣಿ ಬಿರಿಯಿತು. ನಡುವಿನ ಇದ್ದಿಲು ಕೆಂಪಗೆ ಉರಿಯತೊಡಗಿತು.

"ಇದು ಆ ಗಾದಿಗಿ ತಗಲಿದ್ರ?" ಎಂದ ಹಣಮಂತ.

"ತಪ್ಪು ನಂದರಿ," ಎಂದಳು ಅತಿಯಾ.

ಅವನು ಬೂಟಿನಿಂದ ಮಣ್ಣು ದೂಡಿ ಕೆಂಡ ಮುಚ್ಚಿದ. ಅತಿಯಾ ತನ್ನ ಗೈಡಿಗೆ ಫೋನ್ ಮಾಡಿ, ಸ್ಯಾಂಪಲ್ ಬರುವುದಿಲ್ಲವೆಂದೂ ಯಾಕೆಂದೂ ಮುಚ್ಚಿಡದೆ ಹೇಳಿದಳು. ಗೈಡ್ ಮೊದಲು ಕೇಳಿದ್ದು ಇಷ್ಟೇ:

"ಕೈ ಗೀ ಸುಟ್ಟದೇನು?"

ಆಗಲೇ ಅವಳು ಅಂಗೈಯ ಬೊಬ್ಬೆ ನೋಡಿಕೊಂಡದ್ದು.

ಯಂತ್ರದ ಸರದಿ ಮತ್ತೆ ಬರುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ಈ ಸಲದ ಇದ್ದಿಲು ಸಿದ್ದೇಶ್ವರನ ಹೊಲದಲ್ಲೇ ರಾತ್ರಿಯಿಡೀ ಆರಿತು. ಅದರ ಪುಡಿಯಿಂದ ಮಾಡಿದ ವಿದ್ಯುತ್ ಸೆಲ್ ಚಾರ್ಜು ಹಿಡಿದಿಟ್ಟುಕೊಂಡಿತು.