ನಾಳೆಯಕ್ಕನ ಕಂಪ್ಯೂಟರು

ಬೀದಿಗೆಲ್ಲ ಅವಳು ನಾಳೆಯಕ್ಕ. ಹೊಲಿಯಲು ಕೊಟ್ಟ ಬಟ್ಟೆ ಕೇಳಿಕೊಂಡು ಯಾರೇ ಬರಲಿ, ಮಷಿನ್ನಿನಿಂದ ತಲೆಯೆತ್ತದೆ "ನಾಳೆ ಬನ್ನಿ" ಅನ್ನುತ್ತಿದ್ದಳು. ಕೈ ಮಾತ್ರ ಬಂಗಾರದ್ದು. ಹಾಗಾಗಿ ಬೈದುಕೊಂಡಾದರೂ ಎಲ್ಲರೂ ಮರುದಿನ ಬರುತ್ತಿದ್ದರು.

ಇಂಥವಳು ಈ ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಒಂದು ಕೆಲಸ ಮುಗಿಸಿರುತ್ತೇನೆಂದು ತಂಗಿಗೆ ಮಾತು ಕೊಟ್ಟುಬಿಟ್ಟಿದ್ದಳು. ಅದೂ ಎಂಥ ಕೆಲಸ ಅಂತೀರಿ? ಗೇಮ್ ಆಡುವ ಕಂಪ್ಯೂಟರ್ ಜೋಡಿಸುವುದು!

ಚಿಕ್ಕಂದಿನಲ್ಲಿ ಅಕ್ಕತಂಗಿಯರಿಬ್ಬರೂ ಶಾಲೆಯಿಂದ ಬರುವಾಗ ವಿಡಿಯೋ ಗೇಮ್ ಅಂಗಡಿಯ ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದರು. ಒಳಗೆ ಪರದೆಯ ಮೇಲೆ ಕಾರುಗಳು ಓಡುತ್ತಿದ್ದವು, ಇವರ ಕೈಯಲ್ಲಿ ಬಿಡಿಗಾಸಿಲ್ಲ. "ನಾಳೆ ಆಡೋಣ ಬಾರೇ" ಎಂದು ಅಕ್ಕ ದಿನಾ ತಂಗಿಯನ್ನು ಎಳೆದುಕೊಂಡು ಹೋಗುತ್ತಿದ್ದಳು. ಆ ನಾಳೆಗೆ ಈಗ ನಲವತ್ತು ವರ್ಷ. ತಂಗಿ ಹಡಗಿನಲ್ಲಿ ಅಡುಗೆಯವಳು. ಸೋಮವಾರ ಹಡಗು ಹತ್ತಿದಳೆಂದರೆ ಮತ್ತೆ ಮುಖ ಕಾಣುವುದು ಹತ್ತು ತಿಂಗಳಿಗೆ. "ನಿನ್ನ ನಾಳೆ ನಂಬ್ಕೊಂಡು ನನ್ನ ಕೂದ್ಲೂ ಬೆಳ್ಳಗಾಯ್ತಲ್ಲೇ ಅಕ್ಕ" ಎಂದು ಫೋನಿನಲ್ಲಿ ನಗುನಗುತ್ತಲೇ ಅಂದಿದ್ದಳು. ಅಕ್ಕ ಆ ಕ್ಷಣವೇ "ಭಾನುವಾರ ನಾಲ್ಕಕ್ಕೆ ಬಾ" ಅಂದುಬಿಟ್ಟಿದ್ದಳು.

ಶನಿವಾರ, ವರ್ಷವಿಡೀ ಗುಂಡಿ ಹಚ್ಚಿ ಕೂಡಿಟ್ಟ ದುಡ್ಡಿನ ಡಬ್ಬಿ ಹಿಡಿದು, ಗಡಿಯಾರ ರಿಪೇರಿ ಮಾಡುವ ಗಂಡನನ್ನು ಹೊರಡಿಸಿಕೊಂಡು ಅವಳು ಬಿಡಿಭಾಗಗಳ ಅಂಗಡಿಗೆ ಹೋದಳು.

"ಇದು ನೋಡಿ ಮೇಡಂ, ಒಳಗೆಲ್ಲ ಏಳು ಬಣ್ಣದ ಲೈಟು" ಎಂದ ಅಂಗಡಿಯವನು.

"ಲೇಸು-ಜರಿ ಆಮೇಲೆ ನೋಡೋಣಪ್ಪ, ಮೊದ್ಲು ಬಟ್ಟೆ ತೋರ್ಸು."

ಅರ್ಧ ದುಡ್ಡು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೇ ಹೋಯಿತು. ಪ್ರೊಸೆಸರ್ ಸಾಧಾರಣದ್ದು, ಮಾನಿಟರ್ ಯಾರೋ ಬಳಸಿ ಬಿಟ್ಟದ್ದು. ಎಲ್ಲಕ್ಕೂ ಕರೆಂಟು ಕೊಡುವ ಪವರ್ ಸಪ್ಲೈ ಅಗ್ಗದ್ದು ಸಾಕು ಎಂದ ಅಂಗಡಿಯವನಿಗೆ, "ದಾರ ಲಡ್ಡಾದ್ರೆ ಎಂಥಾ ಬಟ್ಟೆನೂ ಬಿಚ್ಕೊಳ್ಳುತ್ತೆ, ಒಳ್ಳೇದೇ ಕೊಡು" ಎಂದು ಗದರಿದಳು. ರ‍್ಯಾಮ್ ಎರಡು ಕಡ್ಡಿ ಬೇಕಿತ್ತು, ಸದ್ಯಕ್ಕೆ ಒಂದೇ ಸಾಕೆಂದಳು.

"ಇನ್ನೊಂದು?" ಎಂದ ಅಂಗಡಿಯವನು.

"ನಾಳೆ" ಎಂದ ಗಂಡ, ಮೀಸೆಯಡಿ ನಗುತ್ತ. ಅವಳು ಅವನ ತೋಳಿಗೊಂದು ತಿವಿದಳು.

ಉಳಿದ ದುಡ್ಡಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಪುಟ್ಟ ಕ್ಯಾಬಿನೆಟ್ಟು, ಅಂದರೆ ಇದನ್ನೆಲ್ಲ ಕೂರಿಸುವ ತಗಡಿನ ಗೂಡು. ಇಪ್ಪತ್ನಾಲ್ಕು ಸೆಂಟಿಮೀಟರಿನ ಕಾರ್ಡು ಹಿಡಿಸುತ್ತದೆ ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿತ್ತು. ಅವಳು ಕೊರಳಿನ ಟೇಪು ಎಳೆದು ಕಾರ್ಡು ಅಳೆದಳು. ಸರಿಯಾಗಿ ಇಪ್ಪತ್ನಾಲ್ಕು.

"ಅಂಗಡಿಯವ್ರನ್ನೂ ಒಂದು ಮಾತು ಕೇಳೇ" ಎಂದ ಗಂಡ.

"ನನ್ನ ಅಳತೆ ಯಾವತ್ತಾದ್ರೂ ತಪ್ಪಿದ್ಯೇನ್ರೀ?"

ಅವನು ತೊಟ್ಟಿದ್ದ ಅಂಗಿ ಅವಳೇ ಹೊಲಿದದ್ದು, ಎರಕ ಹೊಯ್ದಂತೆ ಕೂತಿತ್ತು. ಪಾಪ, ಹೋಗಿ ಬಿಲ್ಲು ಹಾಕಿಸಿದ. ಬಿಲ್ಲಿನ ಅಡಿಯಲ್ಲಿ 'ಮಾರಿದ ಸಾಮಾನು ವಾಪಸ್ ಇಲ್ಲ' ಎಂದು ದಪ್ಪಕ್ಷರದಲ್ಲಿತ್ತು.

ಭಾನುವಾರ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೆಲಸ ನಡೆಯಿತು. ಗಂಡನ ಕೈಯಲ್ಲಿ ಪುಟ್ಟ ಸ್ಕ್ರೂಡ್ರೈವರು, ಕಣ್ಣಿಗೆ ಗಡಿಯಾರದ ಭೂತಗನ್ನಡಿ. ಒಂದೊಂದೇ ಭಾಗ ಕೂತುಕೊಂಡಿತು. ಕೊನೆಗೆ ಗ್ರಾಫಿಕ್ಸ್ ಕಾರ್ಡು ಇಟ್ಟರೆ, ಜಪ್ಪಯ್ಯ ಅಂದರೂ ಇಳಿಯಲೊಲ್ಲದು! ಮುಂದಿನ ಫ್ಯಾನಿಗೆ ತಾಗಿ ನಿಂತಿತ್ತು.

ಗಂಡ ತನ್ನ ಉಕ್ಕಿನ ಸ್ಕೇಲು ತಂದು ಕಾರ್ಡಿಗೆ ಹಿಡಿದ. ಇಪ್ಪತ್ತೈದು. ಟೇಪನ್ನು ಸ್ಕೇಲಿನ ಪಕ್ಕಕ್ಕಿಟ್ಟ. ಇಪ್ಪತ್ತು ವರ್ಷ ಎಳೆದೆಳೆದು ಟೇಪೇ ಉದ್ದವಾಗಿತ್ತು! ಅದರಲ್ಲೇ ಮೈ ಅಳೆದು ಅದರಲ್ಲೇ ಬಟ್ಟೆ ಅಳೆಯುತ್ತಿದ್ದಳು, ಹಾಗಾಗಿ ಇಷ್ಟು ವರ್ಷ ಯಾರ ಅಂಗಿಯೂ ಕೆಟ್ಟಿರಲಿಲ್ಲ. ಪೆಟ್ಟಿಗೆಯ ಮೇಲೆ ಅಳತೆ ಬರೆದವರ ಹತ್ತಿರ ಈ ಟೇಪು ಇರಲಿಲ್ಲ ನೋಡಿ.

ಗಂಟೆ ಎರಡು. ಅಂಗಡಿಗೆ ರಜೆ. ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು, ಕಣ್ಣು ತುಂಬಿ ಬಂತು.

"ಹೋಗ್ಲಿ ಬಿಡೇ, ನಾಳೆ ಇನ್ನೊಂದು ಕ್ಯಾಬಿನೆಟ್..."

"ನಾಳೆ ಅನ್ಬೇಡಿ!" ಎಂದು ಚೀರಿದಳು. ಅವಳ ಬಾಯಲ್ಲಿ ಆ ಮಾತು ಕೇಳಿ ಗಂಡ ಹೌಹಾರಿದ.

ಮೂಗು ಒರೆಸಿಕೊಂಡು ಎದ್ದಳು. ಆಲ್ಟ್ರೇಷನ್ನಿಗೆ ಬಂದ ಕೋಟು ನೋಡುವಂತೆ ಗೂಡಿನೊಳಗೆಲ್ಲ ಬೆರಳಾಡಿಸಿದಳು. ಮುಂದಿನ ಮುಚ್ಚಳ ಕಿತ್ತಳು. ಅದಕ್ಕೂ ತಗಡಿಗೂ ನಡುವೆ ಎರಡು ಬೆರಳು ಜಾಗ ಖಾಲಿಯಿತ್ತು.

"ರೀ, ಈ ಫ್ಯಾನು ಒಳಗೇ ಇರ್ಬೇಕಾ?"

"ಗಾಳಿ ಒಳಕ್ಕೆ ಬಂದ್ರೆ ಸಾಕು, ಎಲ್ಲಿದ್ರೇನು?"

"ಹಂಗಿದ್ರೆ ಒಳಜೇಬು ಬಿಚ್ಚಿ ಹೊರಜೇಬು ಮಾಡಿ!"

ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನನ್ನು ತಗಡಿನ ಆಚೆ ಬದಿಗೆ ಕೂರಿಸಿದರು. ಕಾರ್ಡು ಟಿಕ್ ಎಂದು ಇಳಿಯಿತು. ಗುಂಡಿ ಒತ್ತಿದರೆ ಫ್ಯಾನು ತಿರುಗಿ, ಪರದೆ ಬೆಳಗಿತು. ಗಂಡ ಹೆಂಡತಿ ಚಿಕ್ಕಮಕ್ಕಳಂತೆ ಕುಣಿದರು. ನೋಡಿದವರು ಯಾರೂ ಇರಲಿಲ್ಲ, ಸದ್ಯ.

ನಾಲ್ಕಕ್ಕೆ ಸರಿಯಾಗಿ ತಂಗಿ ಚೀಲ ಹೊತ್ತು ಬಾಗಿಲಲ್ಲಿ ನಿಂತಳು. "ಏನಕ್ಕ, ನಾಳೆ ಬರ್ಲಾ?"

ಅಕ್ಕ ಅವಳ ಕೈಹಿಡಿದು ಎಳೆದು ತಂದು ಪರದೆಯ ಮುಂದೆ ಕೂರಿಸಿದಳು. ಅಲ್ಲಿ ಕೆಂಪು ಕಾರೊಂದು, ನೀಲಿ ಕಾರೊಂದು ಗುರುಗುಟ್ಟುತ್ತ ಕಾಯುತ್ತಿದ್ದವು. ತಂಗಿ ಎರಡು ಸಲ ಅಕ್ಕನ ಮುಖ ನೋಡಿದಳು, ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿಗೇ ಕಣ್ಣೊರೆಸಿಕೊಂಡಳು. "ಕೆಂಪು ನಂದು!" ಎಂದಳು.

ಆಮೇಲೆ ಕೇಳಬೇಕೆ? ತಂಗಿಯ ಕಾರು ಕಂಡಕಂಡ ಗೋಡೆಗೆ ಗುದ್ದಿತು. ಅಕ್ಕ ಬೆರಳಲ್ಲಿ ಕೀಲಿಮಣೆ ಒತ್ತುತ್ತಿದ್ದರೂ ಕಾಲು ಮಾತ್ರ ನೆಲದ ಮೇಲೆ ಹೊಲಿಗೆ ಮಷಿನ್ ತುಳಿಯುತ್ತಲೇ ಇತ್ತು. "ಮೋಸ, ಮೋಸ!" ಎಂದು ಐವತ್ತರ ಆಸುಪಾಸಿನ ಇಬ್ಬರು ಹೆಂಗಸರು ಕಿರುಚಾಡುವುದು ಬೀದಿಯ ಕೊನೆಗೂ ಕೇಳುತ್ತಿತ್ತು.

ಆರನೇ ಆಟದ ನಡುವೆ ಯಾರೋ ಬಾಗಿಲು ತಟ್ಟಿದರು. "ಅಕ್ಕಾ, ನನ್ನ ಕೋಟು ರೆಡಿ ಆಯ್ತಾ?"

ನಾಳೆಯಕ್ಕ ಬಾಯಿ ತೆರೆಯುವಷ್ಟರಲ್ಲಿ, ಪರದೆಯಿಂದ ಕಣ್ಣು ಕೀಳದೆ ತಂಗಿಯೇ ಕೂಗಿದಳು:

"ನಾಳೆ ಬನ್ನಿ!"